ಹುತ್ರಿದುರ್ಗದ ಮುಂದೆ ಶಿವರುದ್ರಮ್ಮ

ಕುಣಿಗಲ್ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿರುವ ಶ್ರೀರಂಗ ಸ್ಟುಡಿಯೋದ ಕಂಪ್ಯೂಟರಿನಲ್ಲಿ ಒಂದು ಹಿಮದ ಬೆಟ್ಟವಿತ್ತು. ಅದು ಯಾವ ದೇಶದ್ದೋ ಯಾರಿಗೂ ಗೊತ್ತಿರಲಿಲ್ಲ. ಯಾವಾಗಲೋ ಯಾರೋ ಪೆನ್‌ಡ್ರೈವಿನಲ್ಲಿ ತಂದು ಹಾಕಿದ್ದು. ಊರಲ್ಲಿ ಮದುವೆಯಾದ ಜೋಡಿಗಳೆಲ್ಲ ಆಲ್ಬಮ್ಮಿನ ಕೊನೇ ಪುಟದಲ್ಲಿ ಆ ಬೆಟ್ಟದ ಮುಂದೆ ಕೈ ಕೈ ಹಿಡಿದು ನಿಂತಿರುತ್ತಿದ್ದರು. ಆಗ ಅದು ಸ್ವಿಟ್ಜರ್ಲೆಂಡ್. ಊರಲ್ಲಿ ಶಿವೈಕ್ಯರಾದ ಹಿರಿಯರೆಲ್ಲ ಆರಾಧನೆಯ ಫ್ಲೆಕ್ಸಿನಲ್ಲಿ ಅದೇ ಬೆಟ್ಟದ ಮುಂದೆ ಹಣೆ ತುಂಬ ವಿಭೂತಿ ಧರಿಸಿ ಕೂತಿರುತ್ತಿದ್ದರು. ಆಗ ಅದು ಕೈಲಾಸ. ಬೆಟ್ಟ ಒಂದೇ. ಮದುವೆಗಾದರೆ ಸ್ವಲ್ಪ ಗುಲಾಬಿ ಬಣ್ಣ ಸೇರಿಸಬೇಕು, ಸಾವಿಗಾದರೆ ಸ್ವಲ್ಪ ನೀಲಿ. ಈ ಬಣ್ಣ ಸೇರಿಸುವ ಕೆಲಸ ಸುಧಾಳದಾಗಿತ್ತು.

ಸುಧಾ ಸ್ಟುಡಿಯೋ ಮಾಲೀಕ ಕೃಷ್ಣಕುಮಾರನ ಹೆಂಡತಿ. ಹುಟ್ಟಿದ್ದು ಗುಬ್ಬಿ ಕಡೆ, ಬಿದರೆಹಳ್ಳ ಕಾವಲ್ ಪಕ್ಕದ ಹಳ್ಳಿಯಲ್ಲಿ. ಹೆಲಿಕಾಪ್ಟರ್ ಕಾರ್ಖಾನೆ ಬಂದ ಮೇಲೆ ಅಲ್ಲಿ ಈಗ ಹೆಲಿಕಾಪ್ಟರ್ ಹಾರಿದರೆ ಎಮ್ಮೆ ಕೂಡ ತಲೆ ಎತ್ತುವುದಿಲ್ಲ. ಅವಳು ಹುಡುಗಿಯಾಗಿದ್ದಾಗ ತಲೆ ಎತ್ತಿ ನೋಡುವುದಕ್ಕೆ ಇದ್ದದ್ದು ಮೋಡ ಒಂದೇ. ಮೋಡ ಕವಿಯಿತೆಂದರೆ ಅಮ್ಮ ಅವಳನ್ನು ಮಾಳಿಗೆಗೆ ಓಡಿಸುತ್ತಿದ್ದಳು, ಒಣಗಲು ಹಾಕಿದ ಹಪ್ಪಳ ಬಾಚಿಕೊಂಡು ಬಾ ಎಂದು. ಸುಧಾ ಮೇಲೆ ಹೋದವಳು ಮೋಡ ನೋಡುತ್ತ ನಿಂತುಬಿಡುತ್ತಿದ್ದಳು. ಹಪ್ಪಳ ನೆನೆದು ಮುದ್ದೆಯಾಗುತ್ತಿತ್ತು, ಬೆನ್ನಿಗೆ ಎರಡು ಬೀಳುತ್ತಿತ್ತು. ಬೆನ್ನು ಉಜ್ಜಿಕೊಂಡು ಮತ್ತೆ ಮಾಳಿಗೆ ಹತ್ತುತ್ತಿದ್ದಳು. ಅವಳ ಇಡೀ ಜೀವನಚರಿತ್ರೆ ಬೇಕಾದವರಿಗೆ ಇಷ್ಟು ಸಾಕು. ಮುಂದಿನದೆಲ್ಲ ಇದರದೇ ವಿಸ್ತಾರ.

ಮದುವೆಯಾಗಿ ಕುಣಿಗಲ್ಲಿಗೆ ಬಂದಳು. ಆಲ್ಬಂ ಡಿಸೈನ್ ಮಾಡುವವನು ಕೆಲಸ ಬಿಟ್ಟು ಹೋದಾಗ ದಿನಾ ತುಮಕೂರಿಗೆ ಬಸ್ಸಿನಲ್ಲಿ ಹೋಗಿ ಕಂಪ್ಯೂಟರ್ ಕಲಿತಳು. ಆವತ್ತಿನಿಂದ ಅವಳ ಉದ್ಯೋಗ ಜನರನ್ನು ಅವರು ನಿಂತ ಜಾಗದಿಂದ ಕತ್ತರಿಸಿ, ಅವರು ಯಾವತ್ತೂ ಹೋಗದ ಜಾಗಕ್ಕೆ ಅಂಟಿಸುವುದು. ಕೈ ಚೆನ್ನಾಗಿ ಕೂತಿತು. ಮನಸ್ಸು ಮಾತ್ರ ಕೂರಲಿಲ್ಲ. ಮಳೆ ಬಂದು ಗಾಳಿ ತಿಳಿಯಾದ ದಿನ ಸ್ಟುಡಿಯೋ ತಾರಸಿಯಿಂದ ಪೂರ್ವಕ್ಕೆ ನೋಡಿದರೆ ದೂರದಲ್ಲಿ ಹುತ್ರಿದುರ್ಗ ಕಾಣುತ್ತಿತ್ತು. ಇಡೀ ಬೆಟ್ಟ ಒಂದೇ ಬಂಡೆ, ಮೈಮೇಲೆ ಹರಿದುಹೋದ ಕೋಟೆ ಗೋಡೆ. ಅದನ್ನು ನೋಡಿದಾಗಲೆಲ್ಲ ಅವಳಿಗೆ ಕೆಳಗಿನ ಕಂಪ್ಯೂಟರಿನ ಬೆಟ್ಟದ ಮೇಲೆ ಸಿಟ್ಟು ಬರುತ್ತಿತ್ತು.

ಒಂದು ದಿನ ಮುಹೂರ್ತಗಳಿಲ್ಲದೆ ಕ್ಯಾಮೆರಾ ಸುಮ್ಮನೆ ಕೂತಿತ್ತು. ಅದಕ್ಕೆ ಹಾಲಿನ ಕವರ್ ಸುತ್ತಿ, ಆಕ್ಟಿವಾ ಹತ್ತಿ ಬೆಟ್ಟದ ಕಡೆ ಹೋದಳು. ಆಮೇಲೆ ಅದೇ ಚಾಳಿಯಾಯಿತು. ಜನ ಮಳೆಯಿಂದ ಓಡಿ ಬರುವಾಗ ಇವಳು ಮಳೆಯ ಎದುರಿಗೆ ಹೋಗುತ್ತಿದ್ದಳು. ಭರಣಿ ಮಳೆಯ ಗುಡುಗು, ಬಂಡೆಯ ಮೇಲೆ ಬಿಳಿ ಸೆರಗಿನ ಹಾಗೆ ಇಳಿಯುವ ನೀರು, ಕೋಟೆ ಗೋಡೆಗೆ ಸಿಕ್ಕಿಕೊಂಡ ಮಂಜು, ಎಲ್ಲವೂ ಅವಳ ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿ ತುಂಬಿದವು.

"ಲೆನ್ಸ್ ಒಳಗೆ ನೀರು ಹೋದ್ರೆ ಈ ಸೀಸನ್ ಗೋವಿಂದ ಕಣೇ," ಎಂದು ಕೃಷ್ಣಕುಮಾರ ತಲೆ ಚಚ್ಚಿಕೊಂಡ.

"ಹೋಗಿಲ್ವಲ್ಲ," ಎಂದಳು.

"ಊರೋರು ಏನಂತಾರೆ ಗೊತ್ತಾ? ಮೋಡದ ಸುಧಾ ಅಂತಾರೆ."

"ಹಪ್ಪಳದ ಸುಧಾ ಅನ್ನೋದಕ್ಕಿಂತ ವಾಸಿ ಬಿಡಿ."

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಹವ್ಯಾಸಿ ಫೋಟೋಗ್ರಾಫರುಗಳು ತಿಂಗಳಿಗೊಮ್ಮೆ ಸೇರುತ್ತಿದ್ದರು. ಅವಳು ತನ್ನ ಚಿತ್ರಗಳನ್ನು ಅಲ್ಲಿಗೆ ತೆಗೆದುಕೊಂಡು ಹೋದಳು. ಲಡಾಖಿಗೆ ಹೋಗಿ ಬಂದಿದ್ದ ಒಬ್ಬರು ಚಿತ್ರ ನೋಡಿ ಮೂಗು ಮುರಿದರು. "ಬೆಳಕು ಚೆನ್ನಾಗಿದೆ ಮೇಡಂ, ಆದ್ರೆ ಇದು ಬೆಟ್ಟ ಅಲ್ಲ, ಗುಡ್ಡ. ಒಂದ್ಸಲ ಹಿಮಾಲಯಕ್ಕೆ ಬನ್ನಿ." ಸುಧಾ ಚಿತ್ರಗಳನ್ನು ಎತ್ತಿಕೊಂಡಳು. "ನೀವು ಒಂದ್ಸಲ ಆಲಿಕಲ್ಲು ಮಳೇಲಿ ಹುತ್ರಿದುರ್ಗಕ್ಕೆ ಬನ್ನಿ ಸರ್. ಆಮೇಲೆ ಅಳತೆ ಮಾಡೋಣ," ಎಂದು ಬಸ್ಸು ಹತ್ತಿದಳು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಹೀಗಿರುವಾಗ ಶಿವರುದ್ರಮ್ಮ ಸ್ಟುಡಿಯೋಕ್ಕೆ ಬಂದಳು. ಎಂಬತ್ತು ದಾಟಿದ ಮುದುಕಿ, ಟೈಲ್ಸ್ ಅಂಗಡಿಯ ರೇಣುಕಾಪ್ರಸಾದನ ತಾಯಿ. ಕತ್ತಿನಲ್ಲಿ ಬೆಳ್ಳಿಯ ಲಿಂಗದ ಕರಡಿಗೆ, ಕಂಕುಳಲ್ಲಿ ಗಂಡನ ಕಾಲದ ಕರೀ ಛತ್ರಿ, ಬಾಯಲ್ಲಿ ಉಳಿದಿದ್ದು ಎರಡೋ ಮೂರೋ ಹಲ್ಲು.

"ಸತ್ತ ಮೇಲೆ ಹಾಕ್ತಾರಲ್ಲ, ಆ ಫೋಟೋ ಹೊಡಿಯೇ," ಎಂದಳು. "ಈಗ್ಲೇ ಹೊಡ್ಸಿಟ್ರೆ ಕಣ್ಣಾದ್ರೂ ಬಿಟ್ಕೊಂಡಿರೋದು ಬತ್ತದೆ."

ಆ ಹೊತ್ತಿಗೆ ಸುಧಾ ಯಾರದೋ ಆರಾಧನೆಯ ಫ್ಲೆಕ್ಸ್ ಮಾಡುತ್ತಿದ್ದಳು. ಶಿವರುದ್ರಮ್ಮ ಕನ್ನಡಕ ಸರಿಮಾಡಿಕೊಂಡು ಕಂಪ್ಯೂಟರಿಗೆ ಬಗ್ಗಿದಳು.

"ಇದು ನಮ್ಮ ಮಹಾಲಿಂಗಯ್ಯ ಅಲ್ವಾ? ಎಲ್ಲಿ ಕೂತವ್ನೆ?"

"ಕೈಲಾಸದಲ್ಲಿ, ಅಜ್ಜಿ."

"ಅಯ್ಯೋ ನಿನ್ನ! ಮನೇಲಿ ಫ್ಯಾನ್ ಹಾಕಿದ್ರೇ ಮಂಕಿ ಟೋಪಿ ಹಾಕ್ಕೊಳ್ಳೋನು ಅವ್ನು. ತಗಂಡೋಗಿ ಐಸ್ ಮೇಲೆ ಕೂರ್ಸಿದ್ದೀಯಲ್ಲೇ!"

ಸುಧಾ ನಗು ತಡೆಯಲಾರದೆ ಮೌಸ್ ಬಿಟ್ಟಳು. ಮುದುಕಿ ನಗಲಿಲ್ಲ. "ನನ್ನ ಅಲ್ಲಿ ಕೂರಿಸ್ಬೇಡ ಕಣೇ. ನಾನು ಹುಟ್ಟಿದ್ದು ಹುತ್ರಿದುರ್ಗದ ಬುಡದಲ್ಲಿ. ಮೇಲೆ ಶಂಕರೇಶ್ವರ ಅವ್ನೆ. ಅವನ್ನ ಬುಟ್ಟು ನಾನ್ಯಾಕೆ ಅಷ್ಟು ದೂರ ಹೋಗ್ಲಿ? ನನ್ನ ಹಿಂದೆ ಆ ಬೆಟ್ಟಾನೇ ಹಾಕು. ಯಾರು ಹೇಳಿದ್ರೂ ಬದಲಾಯಿಸ್ಬಾರ್ದು. ಭಾಷೆ ಕೊಡು."

ಸುಧಾ ಅವಳ ಅಂಗೈ ಮೇಲೆ ಕೈ ಇಟ್ಟಳು. ಇಟ್ಟ ಮೇಲೆ ಹೊಳೆಯಿತು, ಅಂಟಿಸುವುದು ಯಾಕೆ? ಕೃಷ್ಣಕುಮಾರ ಅಮೃತೂರಿಗೆ ಗೃಹಪ್ರವೇಶದ ಫೋಟೋಗೆ ಹೋಗಿದ್ದ. ಹೊರಗೆ ಪೂರ್ವದ ಆಕಾಶ ಕಪ್ಪಾಗುತ್ತಿತ್ತು.

"ಅಜ್ಜಿ, ಸ್ಕೂಟರ್ ಮೇಲೆ ಕೂರ್ತೀರಾ?"

"ಎತ್ತಿನ ಗಾಡೀಲಿ ಕೂತೋಳಿಗೆ ಸ್ಕೂಟರ್ ಯಾವ ಲೆಕ್ಕ? ನಡಿಯೇ."

ಎಂಬತ್ತು ದಾಟಿದವಳನ್ನು ಆ ಗಾಳಿಯಲ್ಲಿ ಕರೆದುಕೊಂಡು ಹೋದದ್ದು ಬುದ್ಧಿವಂತಿಕೆ ಎಂದು ನಾನೂ ಹೇಳುವುದಿಲ್ಲ. ಆದರೆ ದಾರಿಯುದ್ದಕ್ಕೂ ಹಿಂದೆ ಕೂತ ಮುದುಕಿ ಇನ್ನೂ ಜೋರಾಗಿ ಓಡಿಸು ಎಂದು ಬೆನ್ನಿಗೆ ಗುದ್ದುತ್ತಿದ್ದಳು ಎನ್ನುವುದನ್ನೂ ಹೇಳಲೇಬೇಕು.

ಅವಳ ತವರಿನ ರಾಗಿ ಹೊಲದ ಬದುವಿಗೆ ಬಂದು ನಿಂತರು. ಎದುರಿಗೆ ಬೆಟ್ಟ. ಬೆಟ್ಟದ ಹಿಂದೆ ಮೋಡ ಒಲೆಯ ಮೇಲಿನ ಹೆಂಚಿನಷ್ಟು ಕಪ್ಪಗಿತ್ತು. ಇವರ ಬೆನ್ನ ಹಿಂದೆ ಇನ್ನೂ ಬಿಸಿಲಿತ್ತು. ಅದು ನೇರ ಹೋಗಿ ಬಂಡೆಗೆ ಬಡಿದು ಇಡೀ ಹುತ್ರಿದುರ್ಗ ತಾಮ್ರದ ಬಣ್ಣಕ್ಕೆ ತಿರುಗಿತು. ಶಿವರುದ್ರಮ್ಮ ಒಂದು ಕಲ್ಲುಗುಂಡಿನ ಮೇಲೆ ಕೂತು, ಫೋಟೋ ಎಂದರೆ ಹೇಗಿರಬೇಕೋ ಹಾಗೆ ತುಟಿ ಬಿಗಿದು, ಛತ್ರಿ ಬಿಚ್ಚಿ ಹಿಡಿದಳು. ಸುಧಾ ಕಣ್ಣಿಗೆ ಕ್ಯಾಮೆರಾ ಇಟ್ಟಳು. ಆಗ ಹೊಲದ ಮಣ್ಣೆಲ್ಲ ಎದ್ದುಬರುವ ಹಾಗೆ ಗಾಳಿ ಬೀಸಿತು. ಛತ್ರಿ ಫಟ್ಟನೆ ಉಲ್ಟಾ ಆಯಿತು. ಸೆರಗು ಮೇಲೆ ಹಾರಿತು. ಶಿವರುದ್ರಮ್ಮ ತಲೆ ಹಿಂದಕ್ಕೆ ಹಾಕಿ ಬಾಯಿ ತುಂಬ ನಕ್ಕಳು. ಮುರಿದ ಛತ್ರಿಯನ್ನು ಬಿಡದೆ, ಅದನ್ನೇ ಮೋಡದ ಕಡೆಗೆ ಎತ್ತಿ ಹಿಡಿದಳು. ಸುಧಾ ಒತ್ತಿದಳು. ಮರುಗಳಿಗೆ ಬಿಸಿಲು ಹೋಯಿತು, ಆಲಿಕಲ್ಲು ಬಿತ್ತು, ಇಬ್ಬರೂ ಪಂಪ್‌ಸೆಟ್ ಮನೆಗೆ ಓಡಿದರು.

ನೆನೆದು ತೊಪ್ಪೆಯಾಗಿ ವಾಪಸ್ಸು ಬಂದಾಗ ರೇಣುಕಾಪ್ರಸಾದ ತನ್ನ ಮನೆ ಬಾಗಿಲಲ್ಲೇ ನಿಂತಿದ್ದ. "ಅವ್ವಂಗೆ ಏನಾದ್ರೂ ಆಗಿದ್ರೆ?" ಎಂದು ಸುಧಾಳ ಮೇಲೆ ಕೂಗಾಡಿದ.

"ಆಗಿದ್ರೆ ಫೋಟೋ ರೆಡಿ ಇತ್ತು ಬುಡು," ಎಂದು ಶಿವರುದ್ರಮ್ಮ ಅವನನ್ನು ದಾಟಿಕೊಂಡು ಒಳಗೆ ಹೋದಳು.

ಎರಡು ದಿನ ಬಿಟ್ಟು ಮುದುಕಿ ಸ್ಟುಡಿಯೋಕ್ಕೆ ಬಂದು ಕಂಪ್ಯೂಟರಿನಲ್ಲಿ ಚಿತ್ರ ನೋಡಿದಳು. ಬಹಳ ಹೊತ್ತು ನೋಡಿದಳು. "ಈವಮ್ಮ ಯಾರಿಗೂ ಹೆದ್ರೋಳಲ್ಲ," ಎಂದಳು, ಬೇರೆ ಯಾರನ್ನೋ ಮೆಚ್ಚುವವಳ ಹಾಗೆ.

ಕಾರ್ತಿಕದಲ್ಲಿ ಶಿವರುದ್ರಮ್ಮ ಲಿಂಗೈಕ್ಯಳಾದಳು. ಮಣ್ಣು ಮಾಡಿ ಮಾರನೇ ದಿನ ರೇಣುಕಾಪ್ರಸಾದ ಸ್ಟುಡಿಯೋಕ್ಕೆ ಬಂದ, ಅವ್ವನ ಫೋಟೋ ಇದೆಯಂತಲ್ಲ, ಆರಾಧನೆಗೆ ಬೇಕು ಎಂದ. ಸುಧಾ ಚಿತ್ರ ತೆರೆದಳು. ಅವನ ಮುಖ ಸಣ್ಣಗಾಯಿತು.

"ಇದೇನಮ್ಮ ಇದು? ಬಾಯಿ ಬಿಟ್ಕೊಂಡು ನಗ್ತಾ ಅವ್ಳೆ. ಛತ್ರಿ ಮುರಿದೈತೆ. ಹಿಂದೆ ಕರೀ ಮೋಡ. ಸಾವಿನ ಮನೇಲಿ ಇದನ್ನ ಹಾಕಿದ್ರೆ ನೆಂಟ್ರು ಏನಂತಾರೆ? ಮುಖ ಮಾತ್ರ ಕಟ್ ಮಾಡಿ ಕೈಲಾಸಕ್ಕೆ ಹಾಕ್ಕೊಡಿ. ಈಗ ಎಐ ಬಂದೈತಲ್ಲ, ಬಾಯಿ ಮುಚ್ಸೋಕಾದ್ರೆ ಮುಚ್ಸಿ."

"ಆಗಲ್ಲ," ಎಂದಳು ಸುಧಾ.

"ಮಿಷನ್‌ಗೆ ಆಗಲ್ವಾ?"

"ಮಿಷನ್‌ಗೆ ಆಗುತ್ತೆ. ನನಗೆ ಆಗಲ್ಲ. ಅಜ್ಜಿಗೆ ಭಾಷೆ ಕೊಟ್ಟಿದೀನಿ. ಇದನ್ನ ಹಿಂಗೇ ಬೇಕಾದ್ರೆ ತಗೊಂಡೋಗಿ, ದುಡ್ಡು ಬೇಡ."

ಕೃಷ್ಣಕುಮಾರ ನಡುವೆ ಬಂದು, "ಅವ್ರ ತಾಯಿ ಕಣೇ, ಅವ್ರಿಷ್ಟ," ಎಂದ. ಅವಳು ಜಗ್ಗಲಿಲ್ಲ. ಆಗ ರೇಣುಕಾಪ್ರಸಾದ ಎದ್ದು ನಿಂತು ಒಂದು ಮಾತು ಆಡಿದ.

"ನೀವು ಆ ಮಳೇಲಿ ಕರ್ಕೊಂಡೋದ ದಿನದಿಂದ್ಲೇ ಅವ್ವ ಕೆಮ್ಮೋಕೆ ಶುರು ಮಾಡಿದ್ದು. ಗೊತ್ತಿರ್ಲಿ."

ಅವನು ಹೋದ ಮೇಲೆ ಸುಧಾ ಡಾರ್ಕ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತಳು. ಮಾವನ ಕಾಲದ ಡಾರ್ಕ್‌ರೂಮ್ ಅದು, ಈಗ ಹಳೇ ಫ್ರೇಮುಗಳನ್ನು ಇಡುವ ಜಾಗ. ನಿಜವಿರಬಹುದು ಎನ್ನಿಸಿತು. ಆ ಗಾಳಿ, ಆ ಆಲಿಕಲ್ಲು, ಆ ವಯಸ್ಸು. ಆದರೆ ಬೆನ್ನಿಗೆ ಬೀಳುತ್ತಿದ್ದ ಗುದ್ದುಗಳೂ ನೆನಪಾದವು, ಜೋರಾಗಿ ಓಡಿಸು, ಇನ್ನೂ ಜೋರಾಗಿ. ಕೆಮ್ಮಿನ ಪಾಪ ತನ್ನದಾದರೆ ತನ್ನದೇ ಇರಲಿ. ಅದಕ್ಕೆ ಪ್ರಾಯಶ್ಚಿತ್ತವೆಂದು ಆ ನಗುವನ್ನು ಕತ್ತರಿಸಿದರೆ ಅದು ಎರಡನೇ ಪಾಪ. ಮುಖ ತೊಳೆದುಕೊಂಡು ಹೊರಗೆ ಬಂದಳು.

ರೇಣುಕಾಪ್ರಸಾದ ಬೇರೆ ಸ್ಟುಡಿಯೋಕ್ಕೆ ಹೋದ. ಅವನ ಹತ್ತಿರ ಅವ್ವನದು ಅಂತ ಇದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ. ಆ ಫೋಟೋದಲ್ಲಿ ಯಾರು ತಾನೇ ಮನುಷ್ಯರ ಹಾಗೆ ಕಂಡಿದ್ದಾರೆ? ಅದನ್ನು ದೊಡ್ಡದು ಮಾಡಿ, ಸುಕ್ಕು ಉಜ್ಜಿ, ಹುಬ್ಬು ತೀಡಿ, ಕೈಲಾಸದ ಮುಂದೆ ಕೂರಿಸಿ ಆರಾಧನೆ ನಡೆಯುವ ಛತ್ರದ ಬಾಗಿಲಿಗೆ ಕಟ್ಟಿದರು.

ಆರಾಧನೆಯ ದಿನ ಬೆಳಿಗ್ಗೆ ಸುಧಾ ಸ್ಟುಡಿಯೋದ ಶೋಕೇಸಿನಿಂದ ಮದುಮಕ್ಕಳನ್ನೆಲ್ಲ ತೆಗೆದು ಕೆಳಗಿಟ್ಟಳು. ಅಲ್ಲಿ ಒಂದೇ ಒಂದು ಫ್ರೇಮ್ ನಿಲ್ಲಿಸಿದಳು: ಹುತ್ರಿದುರ್ಗದ ಮುಂದೆ ಶಿವರುದ್ರಮ್ಮ. ಬಸ್ ಸ್ಟ್ಯಾಂಡಿನಿಂದ ಛತ್ರಕ್ಕೆ ಹೋಗುವವರು ಈ ಬೀದಿ ಹಾಯ್ದೇ ಹೋಗಬೇಕು.

"ಶಟರ್ ಎಳಿಯೇ, ಜಗಳ ಆಗುತ್ತೆ," ಎಂದ ಕೃಷ್ಣಕುಮಾರ.

"ಆಗಲಿ ಬಿಡಿ." ಅವಳು ಶೋಕೇಸಿನ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಳು.

ಮೊದಲ ಬಸ್ಸಿನಲ್ಲಿ ತವರಿನವರು ಬಂದರು. ಮುಂದೆ ನಡೆಯುತ್ತಿದ್ದವಳು ಶಿವರುದ್ರಮ್ಮನ ತಮ್ಮನ ಹೆಂಡತಿ ಹನುಮಂತಮ್ಮ. ಗಾಜಿನ ಮುಂದೆ ನಿಂತು, "ಅಕ್ಕಯ್ಯ!" ಎಂದು ಕೂಗಿದಳು, ಬೀದಿಯಲ್ಲಿ ಎದುರಾದವಳನ್ನು ಕರೆಯುವ ಹಾಗೆ. ಹಿಂದಿದ್ದವರೂ ನಿಂತರು. ಒಬ್ಬಳು ಅಳುತ್ತ ನಕ್ಕಳು. ನಮ್ಮ ಹೊಲ, ನಮ್ಮ ಗುಂಡು, ಅಗೋ ನಮ್ಮ ಕೋಟೆ ಬಾಗಿಲು ಎಂದು ಬೆರಳು ತೋರಿಸಿದರು. ಎರಡನೇ ಬಸ್ಸಿನವರೂ ಬಂದು ಸೇರಿಕೊಂಡರು. ಛತ್ರದ ಕಡೆ ಯಾರೂ ಹೆಜ್ಜೆ ಎತ್ತಲಿಲ್ಲ.

ರೇಣುಕಾಪ್ರಸಾದ ಉರಿಯುತ್ತ ಬಂದ. "ಅಲ್ಲಿ ಪೂಜೆಗೆ ಜನ ಇಲ್ಲ, ಎಲ್ಲಾ ಇಲ್ಲಿ ನಿಂತವ್ರೆ! ತೆಗೀರಿ ಅದನ್ನ."

"ನಾನು ತೆಗಿಯಲ್ಲ," ಎಂದಳು ಸುಧಾ. ಎದ್ದು ಶೋಕೇಸಿನ ಗಾಜು ಸರಿಸಿದಳು. "ನಿಮ್ಮ ತಾಯಿ. ಇಳಿಸೋದಾದ್ರೆ ನೀವೇ ಇಳಿಸಿ."

ಅವನು ಎರಡೂ ಕೈ ಹಾಕಿ ಫ್ರೇಮ್ ಎತ್ತಿದ. ಎತ್ತಿದವನು ಕೆಳಗಿಡಲಿಲ್ಲ. ಅವನ ಮುಖಕ್ಕೂ ಅವ್ವನ ಮುಖಕ್ಕೂ ನಡುವೆ ಒಂದು ಗೇಣು ಇತ್ತು.

"ಈ ಛತ್ರಿ ಅಪ್ಪಂದು," ಎಂದ.

"ಹೌದು. ಮುರಿದ ಮೇಲೂ ಬಿಡಲಿಲ್ಲ."

"ಕೆಮ್ಮು ಮೊದ್ಲಿಂದಾನೂ ಇತ್ತು," ಎಂದ, ಸುಧಾಳ ಕಡೆ ನೋಡದೆ. ಫ್ರೇಮನ್ನು ಎದೆಗೆ ಒತ್ತಿಕೊಂಡು, ಚಿತ್ರ ಹೊರಗೆ ಕಾಣುವ ಹಾಗೆ ಹಿಡಿದು ಛತ್ರದ ಕಡೆ ಹೊರಟ.

"ಕತ್ತರಿಸ್ತೀರಾ?" ಎಂದು ಸುಧಾ ಹಿಂದಿನಿಂದ ಕೂಗಿದಳು.

"ಅವ್ಳು ಕತ್ತರಿಸ್ಕೊಳ್ಳೋ ಹೆಂಗ್ಸಾ?" ಎಂದ, ತಿರುಗದೆ. ಬೀದಿಯ ನಟ್ಟನಡುವೆ ಕಪ್ಪು ಮೋಡ, ತಾಮ್ರದ ಬೆಟ್ಟ, ನಗುವ ಮುದುಕಿ ಮುಂದೆ ಹೋದವು. ಹಿಂದೆ ತವರಿನವರೆಲ್ಲ ಹೋದರು. ಕೈಲಾಸದ ಫ್ಲೆಕ್ಸ್ ಛತ್ರದ ಬಾಗಿಲಲ್ಲೇ ಇತ್ತು. ಹೂವಿನ ಹಾರ ಬಿದ್ದದ್ದು ಹುತ್ರಿದುರ್ಗಕ್ಕೆ.

ಮಾರನೇ ದಿನ ಒಂದು ಮದುವೆ ಆಲ್ಬಂ ಮುಗಿಸಬೇಕಾಗಿತ್ತು. ಕೃಷ್ಣಕುಮಾರ ಕಂಪ್ಯೂಟರಿನ ಮುಂದೆ ಕೂತು ಹುಡುಕಿದ. ಇನ್ನೊಂದು ಫೋಲ್ಡರ್ ತೆರೆದ, ಅಲ್ಲೂ ಇರಲಿಲ್ಲ.

"ಲೇ, ಇಲ್ಲಿದ್ದ ಹಿಮದ ಬೆಟ್ಟ ಎಲ್ಲೇ?"

ಸುಧಾ ಕ್ಯಾಮೆರಾಗೆ ಹಾಲಿನ ಕವರ್ ಸುತ್ತುತ್ತಿದ್ದಳು.

"ಕರಗೋಯ್ತು ಕಣ್ರೀ," ಎಂದು ಆಕ್ಟಿವಾದ ಕೀ ತೆಗೆದುಕೊಂಡಳು.