ಗೋಂದಮ್ಮ ಮುಟ್ಟದ ಕೆಲಸ

ನಮ್ಮ ಅತ್ತಿಗೆಗೆ ಗೋಂದಮ್ಮ ಎಂದು ಹೆಸರಿಟ್ಟವರು ನಮ್ಮ ಕಟ್ಟಡದ ಮಕ್ಕಳು. ಮೊದಮೊದಲು ಆ ಹೆಸರು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಅಣ್ಣನ ಹೆಂಡತಿ, ಮನೆಗೆ ಹಿರಿಯಳು, ಅವಳನ್ನು ಹೋಗಿ ಹೋಗಿ ಅಂಟಿನ ಡಬ್ಬಿಯ ಹೆಸರಿನಿಂದ ಕರೆಯುವುದೇ? ಅವಳಿಗೆ ಮಾತ್ರ ಅದೇ ಖುಷಿ. ಮೆಟ್ಟಿಲ ಹತ್ತಿರ ಯಾರಾದರೂ "ಗೋಂದಮ್ಮಾ!" ಎಂದು ಕೂಗಿದರೆ ಸಾಕು, ಒಲೆಯ ಮೇಲಿದ್ದದ್ದನ್ನು ನನಗೆ ಒಪ್ಪಿಸಿ ಓಡುತ್ತಿದ್ದಳು.

"ನಾನು ಕೂಗಿದ್ರೆ ಕಿವೀನೇ ಕೇಳ್ಸಲ್ಲ. ಆ ಪಿಳ್ಳೆಗಳು ಕೂಗಿದ್ರೆ ಕಾಲಿಗೆ ಚಕ್ರ ಬರುತ್ತೆ ನೋಡು," ಎಂದು ಅಣ್ಣ ಗೊಣಗುತ್ತಿದ್ದ. ಗೊಣಗುತ್ತಲೇ ಹಳೆಯ ಪೇಪರ್ ಕಟ್ಟು ಬಿಚ್ಚಿ ಅವಳಿಗೆ ಬೇಕಾದ ಹಾಳೆಗಳನ್ನು ಆರಿಸಿಡುತ್ತಿದ್ದ.

ಅತ್ತಿಗೆ ಟೀಚರಲ್ಲ. ಮದುವೆಗೆ ಮುಂಚೆ, ಮದುವೆಯಾದ ಮೇಲೂ ಬಹಳ ವರ್ಷ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ದುಡಿದವಳು. ಅಲ್ಲೊಬ್ಬ ಮೇಸ್ತ್ರಿಯಿದ್ದನಂತೆ. ಯಾರದಾದರೂ ಪೆಟ್ಟಿಗೆಯ ಮೂಲೆ ಸೊಟ್ಟಗಾದರೆ ಅದನ್ನು ನೆಲದ ಮೇಲಿಟ್ಟು ಎಲ್ಲರೆದುರು ಬೂಟುಗಾಲಲ್ಲಿ ತುಳಿಯುತ್ತಿದ್ದ. ಆಮೇಲೆ ತಾನೇ ಕೂತು ನೆಟ್ಟಗೆ ಮಾಡಿ ತೋರಿಸುತ್ತಿದ್ದ. "ತುಳಿದಿದ್ದನ್ನ ಬೇಕಾದ್ರೆ ಮರೀಬಹುದು ಕಣೇ. ಅವನು ನನ್ನ ಕೈಯಿಂದ ಕಿತ್ಕೊಂಡು ತಾನೇ ಮಾಡ್ತಿದ್ನಲ್ಲ, ಅದು ಮಾತ್ರ ಇವತ್ತಿಗೂ ಗಂಟಲಲ್ಲಿ ಸಿಕ್ಕಾಕೊಂಡಿದೆ," ಎನ್ನುತ್ತಿದ್ದಳು.

ಕಾರ್ಖಾನೆ ಬಾಗಿಲು ಹಾಕಿತು. ಅವಳಿಗೆ ಮಕ್ಕಳಾಗಲಿಲ್ಲ. ನಾನೂ ಮದುವೆಯ ಗೊಡವೆಗೆ ಹೋಗದೆ ಅಣ್ಣನ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಉಳಿದೆ. ಮೂವರೂ ದೊಡ್ಡವರೇ ಇರುವ ಮನೆಯಲ್ಲಿ ಎಷ್ಟು ಅಂತ ಮಾತಾಡುವುದು? ಒಂದು ಬೇಸಿಗೆ ರಜೆಯಲ್ಲಿ ನಮ್ಮ ಕಟ್ಟಡದ ಮಕ್ಕಳು ಬಿಸಿಲಿಗೆ ಹೊರಗೂ ಹೋಗಲಾಗದೆ, ಒಳಗೂ ಇರಲಾಗದೆ ಮೆಟ್ಟಿಲ ಮೇಲೆ ಕೂತು ಒಬ್ಬರನ್ನೊಬ್ಬರು ಚಿವುಟುತ್ತಿದ್ದರು. ಅತ್ತಿಗೆ ಒಂದು ಖಾಲಿ ಶೂ ಡಬ್ಬಿ ತಂದು ನಡುವೆ ಇಟ್ಟಳು. "ಇದು ಏನಾಗ್ಬೇಕು ಅಂತಿದೆ, ಹೇಳಿ ನೋಡೋಣ?" ಎಂದಳು. ಶುರುವಾದದ್ದು ಹಾಗೆ.

ಆಮೇಲೆ ಕೆಳಗಿನ ಮಹಡಿಯ ಸಾರ್ವಜನಿಕ ಕೊಠಡಿ ರಜೆಯುದ್ದಕ್ಕೂ ಅವಳದಾಯಿತು. ಉದ್ದನೆಯ ಎರಡು ಮೇಜು, ಕೈ ತೊಳೆಯಲು ಮೂಲೆಯಲ್ಲೊಂದು ನಲ್ಲಿ, ಗರಗರ ಸದ್ದು ಮಾಡುವ ಒಂದು ಫ್ಯಾನು. ಅದನ್ನು ಹಾಕಿದರೆ ಕಾಗದವೆಲ್ಲ ಹಾರುತ್ತದೆಂದು ಹಾಕುತ್ತಿರಲಿಲ್ಲ. ಸಣ್ಣ ಮಕ್ಕಳಿಗೆ ಪ್ರವೇಶವಿಲ್ಲ, ಕತ್ತರಿ ಹಿಡಿಯುವಷ್ಟು ಬುದ್ಧಿ ಬಂದಿರಬೇಕು. ಪೇಪರ್ ಸುರುಳಿ ಸುತ್ತಿ ಅಂಟಿಸಿದರೆ ಪೆನ್ನಿನ ಸ್ಟ್ಯಾಂಡು. ಹಳೆಯ ಕಾಗದ ನೆನೆಸಿ ಅರೆದು ಬಟ್ಟಲಿನ ಮೇಲೆ ಮೆತ್ತಿ ಒಣಗಿಸಿದರೆ ಇನ್ನೊಂದು ಬಟ್ಟಲು. ಬಾಟಲಿ ಮುಚ್ಚಳದ ಚಕ್ರ ಹಾಕಿದರೆ ಬೆಂಕಿಪೊಟ್ಟಣವೇ ಬಂಡಿ. ನನ್ನ ಹೊಲಿಗೆಯ ಚಿಂದಿಯೆಲ್ಲ ಬೊಂಬೆಗಳ ಮೈಮೇಲೆ ಹೋಗುತ್ತಿತ್ತು.

ಅವಳ ಪಾಠಕ್ಕೆ ಇದ್ದದ್ದು ಒಂದೇ ನಿಯಮ. ಮಗುವಿನ ಕೆಲಸವನ್ನು ಅವಳು ಮುಟ್ಟುತ್ತಿರಲಿಲ್ಲ. ಅಂಟು ಸೋರಲಿ, ಗೋಡೆ ವಾಲಲಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡುತ್ತಿದ್ದಳು. ತೋರಿಸಬೇಕಾದರೆ ಬೇರೆ ರಟ್ಟಿನ ತುಂಡು ತೆಗೆದುಕೊಂಡು ತೋರಿಸುತ್ತಿದ್ದಳು. ಸೊಟ್ಟಗಾದದ್ದನ್ನು ಎಸೆಯುವಂತೆಯೂ ಇರಲಿಲ್ಲ. ನೋಡಿ ನೋಡಿ ನನ್ನ ಕೈ ತುರಿಸುತ್ತಿತ್ತು. "ಆ ಮೂಲೆ ಒಂಚೂರು ಒತ್ತಿಬಿಡೇ ಮಾರಾಯ್ತಿ, ನಿನ್ನ ಗಂಟೇನು ಹೋಗುತ್ತೆ?" ಎಂದರೆ, "ಒತ್ತಿದ್ರೆ ಅದು ನಂದಾಗೋಗುತ್ತೆ," ಎನ್ನುತ್ತಿದ್ದಳು.

ಮೂರನೇ ಮಹಡಿಯ ಹುಡುಗಿಯೊಬ್ಬಳಿದ್ದಳು. ಬಾಯಿ ತೆಗೆದರೆ ಯಾಕೆ, ಯಾಕೆ. ರಟ್ಟನ್ನು ಹೀಗೇ ಯಾಕೆ ಮಡಿಸಬೇಕು, ಗೋಂದು ಯಾಕೆ ಅಂಟುತ್ತೆ, ನಿಮಗೆ ಮಕ್ಕಳು ಯಾಕಿಲ್ಲ. ನಾವು ಅವಳನ್ನು ಯಾಕಮ್ಮ ಎಂದೇ ಕರೆಯುತ್ತಿದ್ದೆವು. ಆ ರಜೆಯಲ್ಲಿ ಯಾಕಮ್ಮ ಶೂ ಡಬ್ಬಿಯಿಂದ ಒಂದು ಮನೆ ಮಾಡುತ್ತಿದ್ದಳು. ಬಾಗಿಲು ತೆರೆದು ಮುಚ್ಚಬೇಕೆಂದು ಹಟ. ಬಟ್ಟೆಯ ಪಟ್ಟಿ ಅಂಟಿಸಿದಳು, ಕಿತ್ತುಬಂತು. ದಾರ ಕಟ್ಟಿದಳು, ರಟ್ಟು ಹರಿಯಿತು. ಅತ್ತು, ಮೂಗು ಒರೆಸಿಕೊಂಡು, ಕೊನೆಗೆ ಪೊರಕೆ ಕಡ್ಡಿಯೊಂದನ್ನು ಸಿಕ್ಕಿಸಿ ಬಾಗಿಲು ತಿರುಗುವಂತೆ ಮಾಡಿಯೇಬಿಟ್ಟಳು. ಬಾಗಿಲು ಓರೆಯಾಗಿತ್ತು, ಕೆಳಗೆ ಬೆರಳು ತೂರುವಷ್ಟು ಸಂದು. ಆದರೆ ತೆರೆಯುತ್ತಿತ್ತು. ಅವತ್ತು ಅತ್ತಿಗೆ ಮನೆಗೆ ಬಂದು ನನ್ನೆದುರು, ಅಣ್ಣನೆದುರು ಆ ಬಾಗಿಲಿನ ಕತೆಯನ್ನೇ ತಿರುಗಾ ಮುರುಗಾ ಹೇಳಿದಳು.

ಅದೇ ವಾರ ಕಟ್ಟಡದ ಸಂಘದ ಕಾರ್ಯದರ್ಶಿ ಬಂದ. ಕೊಠಡಿಯಲ್ಲಿ ವ್ಯಾಯಾಮದ ಯಂತ್ರ ಇಡಬೇಕೆಂದು ಕೆಲವರು ದುಂಬಾಲು ಬಿದ್ದಿದ್ದರಂತೆ. "ನಂದೇನೂ ಇಲ್ಲಮ್ಮ," ಎಂದ. "ರಜೆ ಮುಗಿಯೋ ದಿನ ಒಂದು ಪ್ರದರ್ಶನ ಇಡಿ. ಸದಸ್ಯರು ಬಂದು ನೋಡ್ತಾರೆ. ಮಕ್ಕಳು ಏನೋ ಕಲೀತಿದಾರೆ ಅನ್ನಿಸಿದ್ರೆ ಕೊಠಡಿ ನಿಮ್ಮದೇ. ಆದ್ರೆ ಎಲ್ಲಾ ಮಕ್ಕಳ ಕೈಯಲ್ಲೇ ಆಗಿರ್ಬೇಕು."

"ಇಲ್ಲಿ ಬೇರೆ ಥರ ಆಗೋದೇ ಇಲ್ಲ," ಎಂದಳು ಅತ್ತಿಗೆ. ಅವನು ಹೋದ ಮೇಲೆ ಮಾತ್ರ ಕುರ್ಚಿ ಎಳೆದುಕೊಂಡು ಕೂತಳು. ಆ ಕೊಠಡಿ ಹೋದರೆ ಅವಳಿಗೆ ಇನ್ನೇನೂ ಉಳಿಯುವುದಿಲ್ಲವೆಂದು ನನಗೂ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು. ಆ ದಿನ ಮನೆಯಲ್ಲಿ ಯಾರೂ ತಮಾಷೆ ಮಾಡಲಿಲ್ಲ.

ಪ್ರದರ್ಶನದ ಹಿಂದಿನ ದಿನ ಅತ್ತಿಗೆ ಮಕ್ಕಳಿಗೆಲ್ಲ ಅವರವರ ಕೆಲಸ ಕೊಟ್ಟು ಕಳಿಸಿದಳು. ಮನೆಯವರಿಗೆ ಮೊದಲು ತೋರಿಸಲಿ ಎಂಬುದು ಅವಳ ಆಸೆ. ಕೊಟ್ಟದ್ದೇ ತಪ್ಪಾಯಿತು. ಆ ತಾಯಂದಿರು ಕೆಟ್ಟವರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅತ್ತಿಗೆಯೆಂದರೆ ಅವರಿಗೆಲ್ಲ ಪ್ರಾಣ. ಯಾಕಮ್ಮನ ತಾಯಿ ಮನೆಮನೆಗೆ ಹೋಗಿ, "ಈ ಸೊಟ್ಟಪಟ್ಟ ಸಾಮಾನು ನೋಡಿದ್ರೆ ಗೋಂದಮ್ಮನ ಕೊಠಡಿ ಹೋದಂಗೇ ಲೆಕ್ಕ. ನಾವೇ ಒಂಚೂರು ಕೈ ಹಾಕೋಣ, ಪಾಪ," ಎಂದಳಂತೆ. ಇದು ನಮಗೆ ತಿಳಿದದ್ದು ಆಮೇಲೆ. ಒಂಚೂರು ಕೈ ಹಾಕಿದರೇ! ಅಬ್ಬಬ್ಬಾ, ಅಪ್ಪಂದಿರೂ ಸ್ಕೇಲು ಹಿಡಿದು ಕೂತರು.

ಮರುದಿನ ಬೆಳಿಗ್ಗೆ ಮಕ್ಕಳು ಒಬ್ಬೊಬ್ಬರೇ ಬಂದು ಮೇಜಿನ ಮೇಲೆ ಇಟ್ಟರು. ಕನ್ನಡಿಯಂತೆ ಹೊಳೆಯುವ ಬಟ್ಟಲು. ಅಂಗಡಿಯ ಬಣ್ಣದ ಕಾಗದ ಸುತ್ತಿದ ಪೆನ್ನಿನ ಸ್ಟ್ಯಾಂಡು. ಲೇಸು ಅಂಚಿನ ಬೊಂಬೆ. ಒಂದರಲ್ಲೂ ಗೋಂದು ಸೋರಿದ ಗುರುತಿಲ್ಲ. ಅತ್ತಿಗೆ ಮೇಜಿನ ಈ ತುದಿಯಿಂದ ಆ ತುದಿಗೆ ನಡೆದಳು, ಗುರುತಿನವರನ್ನು ಹುಡುಕುವ ಹಾಗೆ. ಯಾಕಮ್ಮ ಇಟ್ಟ ಮನೆಗೆ ಬಿಳಿ ಬಣ್ಣ ಬಳಿದಿತ್ತು, ಕಿಟಕಿಗೆ ಪರದೆಯಿತ್ತು, ಬಾಗಿಲನ್ನು ಬಣ್ಣದಲ್ಲಿ ಬರೆಯಲಾಗಿತ್ತು.

"ನಿನ್ನ ಮನೆ ಎಲ್ಲಮ್ಮಾ?" ಎಂದು ಅತ್ತಿಗೆ ಮೆಲ್ಲಗೆ ಕೇಳಿದಳು.

"ಅಮ್ಮ ಕಸಕ್ಕೆ ಹಾಕಿದ್ರು," ಎಂದಳು ಹುಡುಗಿ. ಹಿಂದೆ ನಿಂತಿದ್ದ ತಾಯಿ ಅತ್ತಿಗೆಯ ಕಡೆ ನೋಡಿ ಕಣ್ಣಲ್ಲೇ ನಕ್ಕಳು, ಎಲ್ಲಾ ಸರಿಹೋಗುತ್ತೆ ಬಿಡಿ ಎಂಬಂತೆ.

ಸದಸ್ಯರು ಬಂದರು. ಕಾರ್ಯದರ್ಶಿ ದಡ್ಡನೇನಲ್ಲ. ಬಿಳಿ ಮನೆಯನ್ನು ಎತ್ತಿ ತಿರುಗಿಸಿ ನೋಡಿದ, ಬೊಂಬೆಯ ಲೇಸು ಎಳೆದು ನೋಡಿದ. ಆಮೇಲೆ ನೇರವಾಗಿ ಯಾಕಮ್ಮನನ್ನು ಕೇಳಿದ, "ಇದನ್ನ ನೀನೇ ಮಾಡಿದ್ದಾ ಪುಟ್ಟಿ? ನಿಜ ಹೇಳು."

ಹುಡುಗಿ ತಾಯಿಯನ್ನು ನೋಡಿದಳು. ತಾಯಿ ನೆಲ ನೋಡಿದಳು. ಉಳಿದ ತಾಯಂದಿರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಹುಡುಗಿ ಫ್ರಾಕಿನ ಅಂಚು ಹಿಡಿದು ಹಿಂಡತೊಡಗಿದಳು.

"ಅವಳನ್ನ ಯಾಕೆ ಕೇಳ್ತೀರ?" ಎಂದಳು ಅತ್ತಿಗೆ. "ನಾನು ಮಾಡಿದ್ದು. ಅದೊಂದೇ ಅಲ್ಲ, ಎಲ್ಲಾನೂ. ಕೊಠಡಿ ಆಸೆಗೆ ನಾನೇ ಮಾಡ್ದೆ. ಮಕ್ಕಳದೇನೂ ತಪ್ಪಿಲ್ಲ."

ಮಗುವಿನ ಕಾಗದಕ್ಕೆ ಉಗುರು ತಾಗಿಸದವಳು! ನಾನು ಮುಂದೆ ಹೋದೆ, ಬಾಯಿ ತೆರೆದೆ. ಅತ್ತಿಗೆ ನನ್ನ ಮೊಣಕೈ ಹಿಡಿದು ಎಷ್ಟು ಜೋರಾಗಿ ಅದುಮಿದಳೆಂದರೆ ಮಾತು ಅಲ್ಲೇ ಸತ್ತಿತು. ತಾಯಂದಿರಲ್ಲಿ ಒಬ್ಬಳಾದರೂ, ಒಬ್ಬಳೇ ಒಬ್ಬಳಾದರೂ "ಅಲ್ಲ" ಎನ್ನುತ್ತಾಳೆಂದು ಕಾದೆ. ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು.

"ನಿಮ್ಮ ಮೇಲೆ ಗೌರವ ಇತ್ತಮ್ಮ," ಎಂದ ಕಾರ್ಯದರ್ಶಿ. ಸಂಜೆಯೊಳಗೆ ಕೀಲಿ ಕೊಟ್ಟದ್ದಾಯಿತು.

ಮನೆಗೆ ಬಂದು ನಾನು ಹಾರಾಡಿದೆ. "ಮೂರನೇ ಮಹಡಿಗೆ ಹೋಗಿ ಆ ಹುಡುಗಿ ಅಮ್ಮನ ಮುಖದ ನೀರಿಳಿಸಿ ಬರ್ತೀನಿ," ಎಂದೆ. ಅತ್ತಿಗೆ ಬೇಡವೆಂದಳು. "ಆ ಮಗು ಸುಳ್ಳು ಹೇಳಿದ್ರೆ ನನ್ನ ಕೊಠಡೀಲಿ ಹೇಳ್ದಂಗಾಗ್ತಿತ್ತು. ನಿಜ ಹೇಳಿದ್ರೆ ಅಮ್ಮನ್ನ ಹಿಡ್ಕೊಟ್ಟಂಗೆ. ಅಷ್ಟು ಚಿಕ್ಕ ಕೈಗೆ ಎಂಥ ಕೆಲಸ ಕೊಟ್ರು ನೋಡು," ಎಂದು ಅತ್ತಳು. ಅಣ್ಣ ಪೇಪರ್ ಕಟ್ಟನ್ನು ಅಟ್ಟಕ್ಕೆ ಹಾಕಿದ.

ಯಾಕಮ್ಮನ ತಾಯಿ ಒಂದು ಸಲ ಬಾಗಿಲಿಗೆ ಬಂದು, ಒಳಗೆ ಬರದೆ, ಕಣ್ಣೀರು ಹಾಕಿ ಹೋದಳು. ಆಮೇಲೆ ಬರಲಿಲ್ಲ. ಕಂಡಾಗ ಮುಖ ತಪ್ಪಿಸತೊಡಗಿದಳು. ವರ್ಷ ತಿರುಗುವಷ್ಟರಲ್ಲಿ ಕಟ್ಟಡದಲ್ಲಿ ಬೇರೆಯೇ ಕತೆ ಓಡಾಡುತ್ತಿತ್ತು. ಹೊಸದಾಗಿ ಬಂದವರೊಬ್ಬರು ನನ್ನ ಹತ್ತಿರವೇ ಬಟ್ಟೆ ಅಳತೆ ಕೊಡುತ್ತಾ, "ಇಲ್ಲಿ ಯಾರೋ ಒಬ್ಬರು ಮಕ್ಕಳಿಗೆ ಕಲಿಸ್ತೀನಿ ಅಂತ ಎಲ್ಲಾ ತಾವೇ ಮಾಡಿಡ್ತಿದ್ರಂತಲ್ಲ?" ಎಂದರು. ಅವರ ರವಿಕೆಯನ್ನು ನಾನು ಹೊಲಿದುಕೊಡಲಿಲ್ಲ.

ಮತ್ತೆ ಬೇಸಿಗೆ ಬಂತು. ಕೆಳಗಿನ ಕೊಠಡಿಯಿಂದ ವ್ಯಾಯಾಮದ ಯಂತ್ರದ ಮೇಲೆ ಓಡುವವರ ದಬದಬ ಸದ್ದು. ಅತ್ತಿಗೆಯ ಮುಂದೆ ಒಂದು ಶೂ ಡಬ್ಬಿ ಇಟ್ಟು, "ನೀನೇ ಏನಾದ್ರೂ ಮಾಡೇ," ಎಂದೆ. ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು. "ನಂಗೇನು ಮಾಡೋಕೆ ಬರುತ್ತೆ? ಮಾಡೋರನ್ನ ನೋಡೋಕೆ ಬರ್ತಿತ್ತು," ಎಂದಳು.

ನಿನ್ನೆ ಮೆಟ್ಟಿಲಲ್ಲಿ ಯಾಕಮ್ಮ ಎದುರಾದಳು. ಉದ್ದ ಬೆಳೆದಿದ್ದಾಳೆ. ಕಂಕುಳಲ್ಲಿ ಅಂಗಡಿಯ ಕರಕುಶಲ ಡಬ್ಬಿ, ಎಲ್ಲವೂ ಮೊದಲೇ ಕತ್ತರಿಸಿಟ್ಟದ್ದು, ಜೋಡಿಸಿದರೆ ಮುಗಿಯಿತು. ಅತ್ತಿಗೆ ನನ್ನ ಜೊತೆಗಿದ್ದಳು. ಅವಳ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು, ಬಗ್ಗಿ ನಿಂತಳು, ಹುಡುಗಿ ಏನಾದರೂ ಕೇಳುತ್ತಾಳೆಂದು. ಒಂದು "ಯಾಕೆ" ಸಾಕಿತ್ತು. ಹುಡುಗಿ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು, "ನಮಸ್ತೆ ಆಂಟಿ" ಎಂದಳು, ಮೇಲೆ ಹತ್ತಿ ಹೋದಳು.