ಬಲಗಾಲಿನ ಭಕ್ತಿ

ಈ ಸಲದ ಪವಿತ್ರ ಗುರುವಾರ ನಾನು ಯೇಸುಸ್ವಾಮಿಯ ಹನ್ನೆರಡು ಜನ ಶಿಷ್ಯರಲ್ಲಿ ಒಬ್ಬನಾಗಿದ್ದೆ. ಬಲಗಾಲಿನ ಮಟ್ಟಿಗೆ.

ಎಡಗಾಲು ಎಲ್ಲಿತ್ತು ಅಂತೀರಾ? ಸಾಕ್ಸಿನೊಳಗೆ. ಕೊಳೆಯುತ್ತಿತ್ತು.

ಎರಡು ವಾರ ಈ ಅಂಕಣ ಬರಲಿಲ್ಲ. 'ಅಂಕಣಕಾರರ ಅನಾರೋಗ್ಯದಿಂದಾಗಿ' ಎಂದು ಸಂಪಾದಕರು ಸಣ್ಣ ಅಕ್ಷರದಲ್ಲಿ ಹಾಕಿ ನನ್ನ ಮರ್ಯಾದೆ ಉಳಿಸಿದರು. ಅವರು ಉಳಿಸಿದ್ದನ್ನು ಈ ವಾರ ನಾನೇ ಕಳೆಯುತ್ತಿದ್ದೇನೆ. ಯಾಕೆಂದರೆ ಇದರಲ್ಲಿ ನಿಮ್ಮದೂ ಸ್ವಲ್ಪ ಪಾಲಿದೆ.

ತಪಸ್ಸುಕಾಲದ ಶುರುವಿನಲ್ಲಿ ನಾನು ಇದೇ ಜಾಗದಲ್ಲಿ ಬರೆದದ್ದು ನೆನಪಿದೆಯೇ? (ತಪಸ್ಸುಕಾಲ ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಮ್ಮ ವ್ರತದ ದಿನಗಳು. ಮಾಂಸ ಬಿಡುವವರು ಕೆಲವರು. ಬಿಟ್ಟಿದ್ದೇನೆ ಎಂದು ಹೇಳಿಕೊಂಡು ತಿರುಗುವವರು ಬಹಳ.) ಸಾಗರದ ನಮ್ಮ ಚರ್ಚಿನವರೆಲ್ಲ ಹೊಸನಗರ ರಸ್ತೆಯ ಒಂದು ಗುಡ್ಡಕ್ಕೆ ಶಿಲುಬೆ ಹಾದಿಗೆ ಹೋಗಿದ್ದೆವು. ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುತ್ತ, ಅಲ್ಲಲ್ಲಿ ನಿಂತು ಪ್ರಾರ್ಥನೆ ಮಾಡುತ್ತ ಹತ್ತುವುದು. ಎಲ್ಲರೂ ಚಪ್ಪಲಿ ಹಾಕಿಕೊಂಡು ಹತ್ತಿದರು. ನಾನು ಮಾತ್ರ ಬರಿಗಾಲು. ಬಿಸಿಲಿಗೆ ಕಾದ ಜಂಬಿಟ್ಟಿಗೆ ಕಲ್ಲು, ಎಪ್ಪತ್ತು ದಾಟಿದ ಕಾಲು. ಅದನ್ನು ಮನೆಗೆ ಬಂದು ಬಿಸಿಬಿಸಿಯಾಗಿ ಬರೆದೂ ಬಿಟ್ಟೆ. ನಿಮ್ಮಲ್ಲಿ ಹಲವರು ಫೋನ್ ಮಾಡಿ, "ಈ ವಯಸ್ಸಲ್ಲಿ ಬರಿಗಾಲಾ! ಭಲೇ" ಅಂದಿರಿ.

ಆ ಭಲೇ ದಯವಿಟ್ಟು ವಾಪಸ್ ತಗೊಳ್ಳಿ.

ಬರೆಯದೇ ಬಿಟ್ಟದ್ದೊಂದಿತ್ತು. ನನಗೆ ಸಕ್ಕರೆ ಕಾಯಿಲೆ. ಮನೆಯೊಳಗೂ ಚಪ್ಪಲಿ ಬಿಡಬೇಡಿ ಎಂದು ಡಾಕ್ಟರು ಹೇಳಿ ಎಷ್ಟೋ ವರ್ಷವಾಯಿತು. ಗುಡ್ಡ ಹತ್ತುವಾಗ ಎಡಗಾಲಿನ ಕಿರುಬೆರಳ ಬುಡಕ್ಕೆ ಕಲ್ಲು ಹೊಕ್ಕಿದ್ದು ನನಗೆ ಗೊತ್ತೇ ಆಗಲಿಲ್ಲ. ಗೊತ್ತಾಗದಿರುವುದೇ ಆ ಕಾಯಿಲೆಯ ವಿಶೇಷ. (ಅಹಂಕಾರದ್ದೂ ಹಾಗೆಯೇ. ಅದನ್ನು ಆಮೇಲೆ ನೋಡೋಣ.)

ಮೊದಲು ಕೆಂಪಾಯಿತು. ಆಮೇಲೆ ಬಾತಿತು. ಆಮೇಲೆ ವಾಸನೆ.

ನನ್ನ ಹೆಂಡತಿ ಲಿಲ್ಲಿಗೆ ಮೂಗು ಚುರುಕು. ನಾವು ಮನೆಯಲ್ಲಿ ಮಾತಾಡುವುದು ಕೊಂಕಣಿ. ಬೈಯುವಾಗ ಮಾತ್ರ ಅವಳು ಕನ್ನಡಕ್ಕೆ ಬರುತ್ತಾಳೆ, ಬೀದಿಗೆಲ್ಲ ಅರ್ಥವಾಗಲಿ ಎಂದು.

"ರೀ, ಆಸ್ಪತ್ರೆಗೆ ಹೋಗಿ ಅಂದ್ನಲ್ಲ?"

"ದೇವರ ಮೇಲೆ ಭಾರ ಹಾಕಿದೀನಿ."

"ಹಾಕಿ. ಸಾಕ್ಸ್ ಬಿಚ್ಚಿ ಹಾಕಿ. ದೇವ್ರಿಗೂ ಒಂಚೂರು ಕಾಣ್ಲಿ."

ದೇವರ ಮೇಲೆ ಭಾರ! ಎಷ್ಟು ಅನುಕೂಲದ ಮಾತು ನೋಡಿ. ನನಗೆ ನಿಜವಾಗಿ ಇದ್ದದ್ದು ಹೆದರಿಕೆ. ಡಾಕ್ಟರು ನೋಡಿದರೆ ಬೆರಳು ತೆಗೀಬೇಕು ಅಂತಾರೆ. ತೆಗೆದರೆ ಮಲಗಬೇಕು. ಮಲಗಿದರೆ ಯಾರಾದರೂ ಎಬ್ಬಿಸಬೇಕು, ಕೂರಿಸಬೇಕು, ಒರೆಸಬೇಕು. ಜೋಗದ ಪವರ್ ಹೌಸಿನಲ್ಲಿ ಆಯುಷ್ಯವೆಲ್ಲ ದುಡಿದವನು ನಾನು, ಯಾರ ಕೈಯಲ್ಲೂ ಒಂದು ಲೋಟ ನೀರು ಕೇಳಿದವನಲ್ಲ. ಮನುಷ್ಯರ ಕೈಗೆ ಸಿಕ್ಕಿಬೀಳುವುದಕ್ಕಿಂತ ದೇವರನ್ನು ನಂಬುವುದು ಸುಲಭ ಅನ್ನಿಸಿತು. ಆತ ಕನಿಷ್ಠ ಬ್ಯಾಂಡೇಜ್ ಬಿಚ್ಚಿ ನೋಡುವುದಿಲ್ಲ.

ಅಷ್ಟರಲ್ಲಿ ಪವಿತ್ರ ಗುರುವಾರ ಹತ್ತಿರ ಬಂತು.

ನಮ್ಮವರಲ್ಲದ ಓದುಗರಿಗೆ ಒಂದು ಮಾತು. ಸಾಯುವ ಹಿಂದಿನ ದಿನ ಯೇಸುಸ್ವಾಮಿ ಊಟದ ನಡುವೆ ಎದ್ದು, ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಶಿಷ್ಯರ ಕಾಲು ತೊಳೆದರು. ಅದರ ನೆನಪಿಗೆ ಆ ಸಂಜೆ ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಮುಖ್ಯ ಪ್ರಾರ್ಥನೆಯಲ್ಲಿ, ಫಾದರ್ ಊರಿನ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. (ಇದನ್ನು ಕೇಳಿ ನಮ್ಮ ಬೀದಿಯ ಹೆಗಡೆಯವರು, "ನಮ್ಮಲ್ಲೂ ಮದ್ವೇಲಿ ಅಳಿಯನ ಕಾಲು ತೊಳೀತಾರೆ ಮಾರಾಯ್ರೆ. ಆದ್ರೆ ಅದ್ರಿಂದ ವಿನಯ ಕಲ್ತ ಅಳಿಯನ್ನ ನಾನಂತೂ ನೋಡಿಲ್ಲ" ಅಂದರು.) ಹನ್ನೆರಡರಲ್ಲಿ ಒಬ್ಬನಾಗುವುದು ನಮ್ಮಲ್ಲಿ ದೊಡ್ಡ ಮರ್ಯಾದೆ. ವಿನಯದ ಈ ಆಚರಣೆಗೆ ಸೀಟು ಹಿಡಿಯಲು ನಡೆಯುವ ಜಗಳ ಪಂಚಾಯ್ತಿ ಎಲೆಕ್ಷನ್ನಿನಲ್ಲೂ ನಡೆಯುವುದಿಲ್ಲ.

ನಾನೂ ನಡೆಸಿದೆ. ನನ್ನ ಹೆಸರು ಸೇರಿದ ಮೇಲೆ ರೈಮಂಡನ ಹೆಸರೂ ಇದೆ ಎಂದು ಗೊತ್ತಾಯಿತು. ರೈಮಂಡ್ ಓಮ್ನಿಯಲ್ಲಿ ಬ್ರೆಡ್ಡು, ಬನ್ನು ತುಂಬಿಕೊಂಡು ಹೊಸನಗರ, ನಗರ, ತೀರ್ಥಹಳ್ಳಿಯ ಅಂಗಡಿಗಳಿಗೆ ಹಾಕಿ ಬರುವವನು; ಆ ಸುತ್ತಿಗೆ ಅವನು 'ಲೈನ್' ಅನ್ನುತ್ತಾನೆ. ಬಾಯಿ ಜೋರು. ಭಾನುವಾರ ಪೂಜೆಗೆ ತಡವಾಗಿ ಬಂದು ಹಿಂದಿನ ಬಾಗಿಲಲ್ಲಿ ನಿಲ್ಲುತ್ತಾನೆ. ಶನಿವಾರ ಸಂಜೆ ಎಲ್ಲಿ ನಿಂತಿರುತ್ತಾನೆ ಎಂಬುದು ಊರಿಗೇ ಗೊತ್ತು. ನಾನು ಫಾದರ್ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ, ಬಹಳ ನೋವಿನಿಂದ ಹೇಳಿದೆ:

"ಚಾಡಿ ಅಲ್ಲ ಫಾದರ್. ಆದ್ರೆ ಕುಡಿಯೋರನ್ನ ಅಲ್ಲಿ ಕೂರಿಸಿದ್ರೆ ಜನ ಏನಂತಾರೆ?"

ಫಾದರ್ ಕಳೆದ ಮಳೆಗಾಲದಲ್ಲಷ್ಟೇ ಬಂದವರು, ನನ್ನ ಮಗನ ವಯಸ್ಸು. "ಹೌದಾ ಅಂಕಲ್?" ಅಂದರು. ಅಷ್ಟೇ. ರೈಮಂಡನನ್ನು ನನ್ನ ಪಕ್ಕದ ಕುರ್ಚಿಗೇ ಹಾಕಿದರು.

ಈಗ ಬಲಗಾಲಿನ ವಿಷಯ. ನಮ್ಮ ಹಳೇ ಫಾದರ್‌ಗೆ ಸೊಂಟನೋವು. ಅವರು ಪ್ರತಿಯೊಬ್ಬರದೂ ಬಲಗಾಲು ಮಾತ್ರ ತೊಳೆದು ಮುಂದಕ್ಕೆ ಹೋಗುತ್ತಿದ್ದರು. ವರ್ಷಾನುಗಟ್ಟಲೆ ಹಾಗೇ ನಡೆದು, ನಮ್ಮೂರಿನಲ್ಲಿ ಯೇಸುಸ್ವಾಮಿಯೂ ಬಲಗಾಲನ್ನೇ ತೊಳೆದಿದ್ದರು ಎಂಬಂತಾಗಿತ್ತು. ಬುಧವಾರದಿಂದಲೇ ನಾನು ಬಲಗಾಲಿನ ಸೇವೆಗೆ ಕೂತೆ. ಬಿಸಿನೀರಲ್ಲಿ ನೆನೆಸಿದೆ. ಹಿಮ್ಮಡಿ ಉಜ್ಜಿದೆ. ಉಗುರು ಕತ್ತರಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ಪೌಡರ್ ಹಾಕಿದೆ. ಫಾದರ್ ತೊಳೆಯುವುದಕ್ಕೆ ಏನೂ ಉಳಿಯದಷ್ಟು ತೊಳೆದೆ. ಮದುವೆಯ ದಿನವೂ ಆ ಕಾಲು ಅಷ್ಟು ಚೆನ್ನಾಗಿರಲಿಲ್ಲ.

ಲಿಲ್ಲಿ ಬಾಗಿಲಲ್ಲಿ ನಿಂತು ನೋಡಿದಳು. "ಇನ್ನೊಂದು?"

"ಅದನ್ನ ಯಾರೂ ಕೇಳಲ್ಲ."

ಎಡಗಾಲಿಗೆ ಬಟ್ಟೆ ಸುತ್ತಿ, ಸಾಕ್ಸ್ ಏರಿಸಿ, ಅದರ ಮೇಲೆ ಸೆಂಟ್ ಹೊಡೆದು ಹೊರಟೆ.

ಹನ್ನೆರಡು ಕುರ್ಚಿ. ಕೊನೆಯದು ನನ್ನದು. ಅದಕ್ಕೆ ಮುಂಚಿನದು ರೈಮಂಡನದು. ಫಾದರ್ ಹೊರಗಿನ ನಿಲುವಂಗಿ ತೆಗೆದು, ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಮೊದಲನೆಯವರ ಮುಂದೆ ಮಂಡಿಯೂರಿದರು. ಬಲಗಾಲು ತೊಳೆದರು. ಒರೆಸಿದರು. ಮುತ್ತಿಟ್ಟರು. ಆಮೇಲೆ ಹೇಳಿದರು:

"ಇನ್ನೊಂದು ಕಾಲು ಕೊಡಿ."

ಚರ್ಚಿನಲ್ಲಿ ಹಾಡು ನಡೆಯುತ್ತಿತ್ತು. ನನ್ನ ಎದೆಯಲ್ಲಿ ಟರ್ಬೈನ್ ನಿಂತಿತು.

ಒಂದೊಂದೇ ಎಡಗಾಲಿನ ಸಾಕ್ಸ್ ಕಳಚತೊಡಗಿತು. ಏನೆಲ್ಲ ಹೊರಬಂತು ಗೊತ್ತೇ? ಒಬ್ಬರಿಗೆ ಆಣಿ. ಒಬ್ಬರಿಗೆ ಮಸಿಯಂಥ ಉಗುರು. ಇಸ್ತ್ರಿ ಪಂಚೆಯ ಇನ್ನೊಬ್ಬರಿಗೆ ಎಡಗಡೆ ಹಿಮ್ಮಡಿಯಲ್ಲಿ ಒಂದು ಗದ್ದೆಯ ಕೆಸರು. ಬಲಗಾಲುಗಳೆಲ್ಲ ಫಳಫಳ! ಅಂದರೆ ಪೌಡರ್ ಹಾಕಿಕೊಂಡು ಬಂದ ಶಿಷ್ಯ ನಾನೊಬ್ಬನೇ ಅಲ್ಲ. ಬೇರೆ ದಿನವಾಗಿದ್ದರೆ ಹೊಟ್ಟೆ ತುಂಬ ನಗುತ್ತಿದ್ದೆ.

ರೈಮಂಡನದು ಬಂತು. ಅವನದು ಎರಡೂ ಕಾಲು ಒಂದೇ ಬಣ್ಣ. ನಗರ-ತೀರ್ಥಹಳ್ಳಿ ದಾರಿಯ ಕೆಂಪು ಧೂಳು.

"ಲೈನಿಂದ ಸೀದಾ ಬಂದೆ ಫಾದರ್. ತೊಳ್ಕೊಳ್ಳಕ್ಕೆ ಟೈಮ್ ಆಗ್ಲಿಲ್ಲ."

"ತೊಳೆಯೋಕೆ ನಾನಿದೀನಲ್ಲ" ಅಂದರು ಫಾದರ್. ನೀರು ಕೆಂಪಾಯಿತು. ಹುಡುಗರು ಹೊಸ ನೀರು ತಂದರು.

ಆಮೇಲೆ ನಾನು. ಬಲಗಾಲು ಕೊಟ್ಟೆ. ತೊಳೆದರು.

"ಇನ್ನೊಂದು ಅಂಕಲ್."

"ಒಂದೇ ಸಾಕು ಫಾದರ್."

"ಯಾಕೆ?"

"ನಮ್ಮಲ್ಲಿ ಮೊದ್ಲಿಂದ ಬಂದ ಪದ್ಧತಿ."

ಇಲ್ಲಿಯವರೆಗೆ ಹನ್ನೊಂದು ಜನ ಎರಡೂ ಕಾಲು ತೊಳೆಸಿಕೊಂಡಿದ್ದಾರೆ, ನೆನಪಿಡಿ. ಪಕ್ಕದಿಂದ ರೈಮಂಡ್ ನನ್ನ ಕಿವಿಗೆ ಬಾಯಿ ತಂದ. ಅವನ ಪಿಸುಮಾತು ಮೂರನೇ ಬೆಂಚಿಗೆ ಕೇಳುತ್ತದೆ.

"ಕೊಡ್ರಿ ಮಾರಾಯ್ರೆ. ಒಂದು ದೇವ್ರಿಗೆ, ಇನ್ನೊಂದು ಯಾರಿಗೆ ಅಂತ ಇಟ್ಕಂಡಿದೀರಿ?"

ಯೇಸುಸ್ವಾಮಿಯ ಹಿರಿಯ ಶಿಷ್ಯ ಪೇತ್ರನೂ ಆ ದಿನ ಕಾಲು ಕೊಡಲು ಒಪ್ಪಿರಲಿಲ್ಲ. ನನ್ನ ಗುರುಗಳು ನನ್ನ ಕಾಲು ಮುಟ್ಟುವುದೇ ಎಂದು ಹಿಂಜರಿದ. ಅದು ಭಕ್ತಿ ಎಂದು ಇಷ್ಟು ವರ್ಷ ತಿಳಿದಿದ್ದೆ. ಆ ಕುರ್ಚಿಯಲ್ಲಿ ಕೂತಾಗ ಅನುಮಾನ ಬಂತು: ಪುಣ್ಯಾತ್ಮನಿಗೆ ಕಾಲಲ್ಲಿ ಹುಣ್ಣಿತ್ತೋ ಏನೋ.

ನಾನು ಅಲ್ಲಾಡಲಿಲ್ಲ. ಫಾದರ್ ಏಳಲಿಲ್ಲ. ಮಂಡಿಯೂರಿಯೇ ಕಾದರು. ಹಾಡು ಮುಗಿಯಿತು, ಹಾಡುವವರು ಗೊತ್ತಾಗದೆ ಅದನ್ನೇ ಮತ್ತೆ ಶುರುಮಾಡಿದರು. ಕೊನೆಗೆ ಫಾದರೇ ನನ್ನ ಶೂ ಬಿಚ್ಚಿದರು. ಸಾಕ್ಸ್ ಎಳೆದರು. ಒಳಗಿನ ಬಟ್ಟೆ ಹುಣ್ಣಿಗೆ ಅಂಟಿಕೊಂಡಿತ್ತು.

ವಾಸನೆಗೆ ಸೆಂಟ್ ಯಾವ ಲೆಕ್ಕ? ಫಾದರ್ ಮುಖ ತಿರುಗಿಸಲಿಲ್ಲ. ಸ್ವಲ್ಪ ಪಕ್ಕಕ್ಕೆ ಜರುಗಿ, ತಮ್ಮ ಬೆನ್ನನ್ನು ಜನರಿಗೆ ಅಡ್ಡ ಮಾಡಿಕೊಂಡು, ಸೊಂಟದ ಟವೆಲ್ ಬಿಚ್ಚಿ ನನ್ನ ಪಾದಕ್ಕೆ ಸುತ್ತಿ ಹಿಡಿದುಕೊಂಡರು. ನೋಡುವವರಿಗೆ ಒರೆಸುತ್ತಿದ್ದಾರೆ ಅನ್ನಿಸಬೇಕು, ಹಾಗೆ.

"ಯಾವಾಗಿಂದ ಅಂಕಲ್?"

"ಗುಡ್ಡ ಹತ್ತಿದ ದಿನದಿಂದ."

"ಯಾರಿಗೂ ಹೇಳಿಲ್ವಾ?"

"ದೇವ್ರಿಗೆ ಹೇಳಿದೆ."

"ಅವ್ರು ಏನಂದ್ರು?"

ನಾನು ಹೇಳಿದ್ದೆನೇ ಹೊರತು ಕೇಳಿಸಿಕೊಂಡಿರಲಿಲ್ಲ. ಫಾದರ್ ಆ ಪಾದಕ್ಕೂ, ಟವೆಲ್ ಮೇಲಿನಿಂದಲೇ, ಮುತ್ತಿಟ್ಟರು. ನಾನು ಅತ್ತೆ. ಹಿಂದಿನ ಬೆಂಚಿನ ಹೆಂಗಸರು 'ಎಂಥಾ ಭಕ್ತಿ' ಅಂದುಕೊಂಡರಂತೆ. ಅದನ್ನೂ ವಾಪಸ್ ತಗೊಳ್ಳಬೇಕು.

ಪೂಜೆ ಮುಗಿಯುವುದಕ್ಕೂ ಕಾಯದೆ ರೈಮಂಡ್ ನನ್ನನ್ನು ಓಮ್ನಿಗೆ ಹತ್ತಿಸಿದ. ಪಕ್ಕದಲ್ಲಿ ಲಿಲ್ಲಿ, ಹಿಂದೆ ಖಾಲಿ ಬ್ರೆಡ್ ಟ್ರೇಗಳು. ಆಸ್ಪತ್ರೆಯಲ್ಲಿದ್ದ ಡಾಕ್ಟರಮ್ಮ ಸಣ್ಣ ಹುಡುಗಿ. ಕಾಲಿನ ಟವೆಲ್ ಬಿಚ್ಚಿ, ಲಿಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅಂದರು:

"ಶುಗರ್ ಇಟ್ಕೊಂಡು ಬರಿಗಾಲಲ್ಲಿ ಗುಡ್ಡ ಹತ್ತಿದ್ರಾ? ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ."

"ದೇವ್ರು ಹೇಳಿದ್ರಾ?"

"ಅವ್ರನ್ನ ಕೇಳ್ಲಿಲ್ಲ" ಅಂದಳು ಲಿಲ್ಲಿ, ಕನ್ನಡದಲ್ಲಿ.

ಕಾಲು ಉಳಿಯಿತು. ಕಿರುಬೆರಳು ಹೋಯಿತು. ಇನ್ನೊಂದು ವಾರ ತಡೆದಿದ್ದರೆ ಪಾದವೇ ಹೋಗುತ್ತಿತ್ತಂತೆ. ಕ್ರಿಸ್ತ ಎದ್ದ ಹಬ್ಬದ ದಿನ ನಾನು ಏಳಲಾಗದೆ ವಾರ್ಡಿನಲ್ಲಿ ಮಲಗಿದ್ದೆ. ಲೋಕದ ಕೊನೆಯ ದಿನ ಸತ್ತವರು ದೇಹಸಮೇತ ಏಳುತ್ತಾರೆ ಎಂದು ನಂಬುವವರು ನಾವು. ಆ ದಿನ ನನ್ನ ಬೆರಳು ಎಲ್ಲಿಂದ ಎದ್ದು ಬಂದು ಸೇರಿಕೊಳ್ಳುತ್ತದೆ? ಆಸ್ಪತ್ರೆಯ ಬಕೆಟ್ಟಿನಿಂದಲೇ? ಫಾದರ್‌ಗೆ ಕೇಳಿದೆ. "ಮೊದ್ಲು ನಿಮ್ಮನ್ನ ಟಾಯ್ಲೆಟ್ಟಿಗೆ ಎಬ್ಬಿಸೋಣ ಅಂಕಲ್. ಅದು ಆಮೇಲೆ" ಅಂದರು.

ಎಬ್ಬಿಸಿದ್ದು ಯಾರು? ಲಿಲ್ಲಿಗೆ ಮಂಡಿನೋವು, ನನ್ನ ಭಾರ ತಾಳುವುದಿಲ್ಲ. ರೈಮಂಡ್ ಲೈನ್ ಮುಗಿಸಿ ದಿನಾ ಬಂದ. ಒಬ್ಬ ಶಿಷ್ಯ ಇನ್ನೊಬ್ಬನನ್ನು ಕಂಕುಳಿಗೆ ಕೈಹಾಕಿ ಕಕ್ಕಸಿಗೆ ಕರೆದೊಯ್ಯುವ ಚಿತ್ರ ಯಾವ ಚರ್ಚಿನ ಬಣ್ಣದ ಗಾಜಿನ ಮೇಲೂ ಇಲ್ಲ. ಇರಬೇಕಿತ್ತು ಅಂತೀನಿ.

ಒಂದು ದಿನ ಹಾಗೇ ಅವನ ಹೆಗಲಿಗೆ ಜೋತುಬಿದ್ದು ವಾಪಸ್ ಬರುವಾಗ ತಡೆಯಲಾಗಲಿಲ್ಲ.

"ರೈಮಂಡಾ, ನಿನ್ನನ್ನ ಹನ್ನೆರಡರಲ್ಲಿ ಸೇರಿಸ್ಬೇಡಿ ಅಂತ ಫಾದರ್‌ಗೆ ನಾನೇ ಹೇಳಿದ್ದೆ. ಕುಡೀತೀಯ ಅಂತ."

"ಗೊತ್ತು ಬಿಡಿ."

"ಫಾದರ್ ಹೇಳಿದ್ರಾ?"

"ಅವ್ರು ಯಾಕೆ ಹೇಳ್ತಾರೆ? ನಿಮ್ಮನ್ನ ನೋಡಿದ್ರೇ ಗೊತ್ತಾಗಲ್ವಾ?" ನನ್ನನ್ನು ಮಂಚದ ಮೇಲೆ ಇಳಿಸಿ, ಕಾಲ ಕೆಳಗೆ ದಿಂಬು ತಳ್ಳಿದ. "ನಾನೂ ನಿಮ್ಮನ್ನ ಸೇರಿಸ್ಬೇಡಿ ಅಂದಿದ್ದೆ."

ನನಗೆ ಸಿಟ್ಟು ಬಂತು, ಆ ಸ್ಥಿತಿಯಲ್ಲೂ. "ನನ್ನನ್ನಾ? ಯಾಕೆ?"

"ಆ ಮನುಷ್ಯಂಗೆ ಕಾಲು ತೊಳ್ದ್ರೆ ಸುಮ್ನಿರಲ್ಲ ಫಾದರ್, ಪೇಪರ್‌ನಲ್ಲಿ ಬರೀತಾನೆ ಅಂದೆ."

ಬರೆಯುತ್ತಿದ್ದೇನೆ, ನೋಡಿದಿರಲ್ಲ.

ಈಗ ಮನೆಯಲ್ಲಿದ್ದೇನೆ, ಕಾಲು ಸ್ಟೂಲಿನ ಮೇಲೆ. ಮೊದಲೆಲ್ಲ 'ಪ್ರಭುವೇ, ನಿನ್ನೊಬ್ಬನನ್ನೇ ನಂಬಿದ್ದೇನೆ' ಎಂದು ಕಣ್ಣು ಮುಚ್ಚುತ್ತಿದ್ದೆ. ಈಗ ಅದನ್ನೇ ಹೇಳಿ ಕಣ್ಣು ಬಿಟ್ಟು ಬಾಗಿಲು ನೋಡುತ್ತೇನೆ, ಯಾರನ್ನು ಕಳಿಸಿದ್ದಾನೋ ಎಂದು. ಬರುವವರು ನಾನು ಆರಿಸುವಂಥವರಲ್ಲ. ಒಂದು ದಿನ ರೈಮಂಡ್, ಉಳಿದ ಬನ್ನಿನ ಜೊತೆ. ಒಂದು ದಿನ ಡ್ರೆಸ್ಸಿಂಗಿಗೆ ಬರುವ ನರ್ಸ್. ಒಂದು ದಿನ ಹೆಗಡೆಯವರು, ಬಗ್ಗಿ ನೋಡಿ, "ಅಳಿಯಂದ್ರು ಹೇಗಿದಾರೆ?" ಎಂದು ಕಾಲನ್ನೇ ವಿಚಾರಿಸುತ್ತಾರೆ. ಎಲ್ಲರ ಮುಂದೆಯೂ ಅದನ್ನು ಚಾಚಬೇಕು. ದಿನಾ ನಾಚಿಕೆಯಾಗುತ್ತದೆ. ದಿನಾ ಚಾಚುತ್ತೇನೆ.

ಬದಲಾಗಿಬಿಟ್ಟೆ ಎಂದು ಮಾತ್ರ ತಿಳಿಯಬೇಡಿ. ನಿನ್ನೆ ಹೀಗೇ ಕಾಲು ಚಾಚಿ ಕೂತವನಿಗೆ, 'ವಿನಯದಲ್ಲಿ ಈಗ ಸಾಗರದಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ' ಎಂಬ ಯೋಚನೆ ಬಂತು. ಲಿಲ್ಲಿಗೆ ಹೇಳಿದೆ. "ಇನ್ನೂ ಒಂಬತ್ತು ಬೆರಳಿದಾವೆ, ಹುಷಾರು" ಅಂದಳು.

ನನ್ನದು ಇಷ್ಟು. ಫೋನ್ ಮಾಡಿ ಮತ್ತೆ ಭಲೇ ಅನ್ನಬೇಡಿ. ಮಾಡಲೇಬೇಕೆಂದಿದ್ದರೆ ಇದಕ್ಕೆ ಉತ್ತರ ಹೇಳಿ: ನಿಮ್ಮ ಎಡಗಾಲು ಹೇಗಿದೆ?