ಚಂದ್ರಂಪಳ್ಳಿಯ ನೀರುತಿಗಣೆ

ಮೊನ್ನೆ ಹಸಿ ತೊಗರಿಕಾಯಿ ಬಿಡಿಸುತ್ತ ಕೂತಿದ್ದೆ. ಕಾಯಿಗೆ ಅಂಟಿದ್ದ ಹಸಿರು ತಿಗಣೆಯೊಂದು ಬೆರಳಿಗೆ ಸಿಕ್ಕಿ ನಜ್ಜಾಯಿತು. ಆ ಕಟು ವಾಸನೆ ಕೈ ತೊಳೆದರೂ ಹೋಗಲಿಲ್ಲ... ಅದರ ಜೊತೆಗೇ, ಎಪ್ಪತ್ತರ ದಶಕದ ಕೊನೆಯಲ್ಲಿ ಚಿಂಚೋಳಿಯ ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಬಾಯಿಯವರು ನೆನಪಾದರು. ನಮ್ಮ ಕಡೆ ಶಿಕ್ಷಕಿಯರನ್ನು ಬಾಯಿ ಎಂದೇ ಕರೆಯುತ್ತಿದ್ದೆವು.

ಅವರು ಚಿತ್ತಾಪುರದ ಮುಸ್ಲಿಂ ಮನೆತನದವರು. ಚಿಂಚೋಳಿಯಲ್ಲಿ ಒಬ್ಬರೇ ಬಾಡಿಗೆ ಕೋಣೆಯಲ್ಲಿದ್ದರು. ಕಂಡದ್ದನ್ನೆಲ್ಲ ಹುಳ ಎಂದು ಕೈಬಿಡಲು ನಮಗೆ ಬಿಡುತ್ತಿರಲಿಲ್ಲ. ಮೊದಲು ಅದರ ಬಾಯಿ ನೋಡಿ ಎನ್ನುತ್ತಿದ್ದರು. ಬಾಯಿಯ ಪಾಠ ಬಾಯಿಂದಲೇ ಶುರು ಎಂದು ನಾವು ಹಿಂದೆ ಕೂತು ನಗುತ್ತಿದ್ದೆವು. ದುಂಬಿಗೆ ಅಗಿಯುವ ದವಡೆ. ತಿಗಣೆಯ ಕುಲಕ್ಕೆ ಚುಚ್ಚಿ ಹೀರುವ ಕೊಕ್ಕು. ಆಮೇಲೆ ರೆಕ್ಕೆ: ಬುಡದಲ್ಲಿ ತೊಗಲಿನಂತೆ ಗಟ್ಟಿ, ತುದಿಯಲ್ಲಿ ಪೊರೆಯಂತೆ ತೆಳು. ರೆಕ್ಕೆಯೇ ಇಲ್ಲದ ಹಾಸಿಗೆಯ ತಿಗಣೆಯೂ ಹತ್ತಿಕಾಯಿಯ ಕೆಂಪು ತಿಗಣೆಯೂ ಒಂದೇ ಬಳಗ. ಜಿಗಿಹುಳು, ಸಸ್ಯಹೇನು ಅವುಗಳ ದಾಯಾದಿಗಳು.

ಒಂಬತ್ತನೆಯ ತರಗತಿಯಲ್ಲಿ ನಮ್ಮನ್ನು ಚಂದ್ರಂಪಳ್ಳಿ ಜಲಾಶಯಕ್ಕೆ ಕರೆದೊಯ್ದರು. ಅಪ್ಪನಿಗೆ ಇಷ್ಟವಿರಲಿಲ್ಲ. ಬಾಯಿ ಮನೆಗೇ ಬಂದು ಕೇಳಿದ್ದಕ್ಕೆ ಕಳಿಸಿದ್ದ.

ದಂಡೆಯ ಜೊಂಡಿನ ನಡುವೆ ಕಾಲಿಟ್ಟೆ. ಪಾದಕ್ಕೆ ಕೆಂಡ ತಾಗಿದಂತಾಗಿ ಚೀರಿದೆ. ಅಲ್ಲೇ ಎಮ್ಮೆ ಮೇಯಿಸುತ್ತಿದ್ದವರು ಓಡಿಬಂದು, ಹಾವೇ ಕಡಿದಿದೆ, ಹಗ್ಗ ಬಿಗಿದು ಬ್ಲೇಡಿನಿಂದ ಕೊಯ್ದು ರಕ್ತ ಹರಿಸಬೇಕು ಎಂದರು. ಗೆಳತಿಯರು ಅಳತೊಡಗಿದರು. ನನ್ನ ಕಣ್ಣ ಮುಂದೆ ಅವ್ವನ ಮುಖವೊಂದೇ...

ಅವರಲ್ಲೊಬ್ಬ ಆಗಲೇ ಬ್ಲೇಡು ಹಿಡಿದಿದ್ದ, ಬಾಯಿ ಅವನ ಕೈಯನ್ನು ತಡೆದರು. ನನ್ನ ಪಾದ ಒರೆಸಿ ನೋಡಿದರು, ಒಂದೇ ತೂತು, ಹಾವಿನ ಜೋಡಿ ಹಲ್ಲಿನ ಗುರುತಿಲ್ಲ. ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ನಾನು ನಿಂತಿದ್ದ ಜಾಗದ ಕೆಸರನ್ನು ಊಟದ ಡಬ್ಬಿಯಿಂದ ಬಾಚಿ ಬಾಚಿ ಹುಡುಕಿದರು. ಕೊನೆಗೆ ಒಣ ಎಲೆಯಂಥ ಚಪ್ಪಟೆ ಹುಳವೊಂದು ಬಂತು. ಬೆನ್ನ ತುಂಬ ಮೊಟ್ಟೆ ಅಂಟಿದ್ದವು.

"ಹಾವಲ್ಲ, ನೀರುತಿಗಣಿ ಇದು. ಇದರಾಗ ಮೊಟ್ಟಿ ಹೊರೋದು ಗಂಡು. ನೀ ತುಳದಿ, ಅದು ಚುಚ್ಚೇದ. ಉರಿ ಇಳಿತದ, ಅಂಜಬ್ಯಾಡ."

ಹಾಗೆಂದು ಸುಮ್ಮನಾಗಲಿಲ್ಲ. ದಾರಿಯಲ್ಲಿ ಸಿಕ್ಕ ಟ್ರ್ಯಾಕ್ಟರಿನಲ್ಲಿ ನನ್ನನ್ನು ದವಾಖಾನೆಗೆ ಕರೆದೊಯ್ದರು. ದಾರಿಯುದ್ದಕ್ಕೂ ನನ್ನ ಕಣ್ಣು, ಉಸಿರು ನೋಡುತ್ತಲೇ ಇದ್ದರು. ಡಾಕ್ಟರು ಕಾಲನ್ನೂ ಡಬ್ಬಿಯ ಹುಳವನ್ನೂ ನೋಡಿ, ಸಂಜೆಯವರೆಗೆ ಕೂಡಿಸಿಕೊಂಡು, ಏನೂ ಭಯವಿಲ್ಲ ಎಂದರು. ಆಗ ಬಾಯಿ ಹೊರಗಿನ ಕಟ್ಟೆಯ ಮೇಲೆ ಕುಸಿದು ಕೂತರು.

"ಒಳಗ ನನಗೂ ಜೀವ ಹಾರಿತ್ತು ನೋಡು," ಎಂದು ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು. ಆಮೇಲೆ ಇಬ್ಬರೂ ನಕ್ಕೆವು. ಅಷ್ಟು ಹಗುರಾದ ನಗೆ ಮತ್ತೆಂದೂ ನಕ್ಕ ನೆನಪಿಲ್ಲ.

ಮನೆಯಲ್ಲಿ ಅಪ್ಪ, ಇನ್ನು ಶಾಲೆ ಸಾಕು ಎಂದ. ಬಾಯಿ ಹೊಸ್ತಿಲಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದರು. ತಾವು ಹೆದರಿದ್ದನ್ನೂ ಮುಚ್ಚಿಡಲಿಲ್ಲ. ಅಪ್ಪ ಎದ್ದು ಬಾಗಿಲ ಬಳಿ ಬಂದ.

"ನೀವಿರೋತನಕ ಕಳಸ್ತೀನ್ರಿ ಬಾಯಿ. ಒಳಗ ಬರ್ರಿ, ಚಾ ಕುಡೀರಿ."

ಮರುವರ್ಷ ಅವರಿಗೆ ಶಹಾಬಾದಿಗೆ ವರ್ಗವಾಯಿತು. ನನ್ನ ಓದೂ ಮುಗಿಯಿತೆಂದುಕೊಂಡೆ. ಅಪ್ಪ ಮಾತ್ರ ಹತ್ತನೆಯ ತರಗತಿಯ ಪುಸ್ತಕ ತಂದು ಕೈಗಿಟ್ಟ. ನಾನು ಓದಿದೆ, ನರ್ಸ್ ಆದೆ.

ಎಷ್ಟೋ ವರ್ಷಗಳ ಮೇಲೆ ವಾಡಿ ಸ್ಟೇಷನ್ನಿನಲ್ಲಿ ಬಾಯಿಯವರ ತಂಗಿ ಸಿಕ್ಕರು. ಬಾಯಿ ತೀರಿಕೊಂಡರೆಂಬುದು ನನಗೆ ಗೊತ್ತಾದದ್ದೇ ಆಗ... ಅಪ್ಪ ಪುಸ್ತಕ ತಂದುಕೊಟ್ಟ ಸುದ್ದಿ ಬಾಯಿಗೆ ಮುಟ್ಟಿತ್ತೋ ಇಲ್ಲವೋ. ಅಪ್ಪನೇ ಹೇಳಿಕಳಿಸಿದ್ದರೂ ಇರಬಹುದು, ಆದರೆ ಈಗ ಅಪ್ಪನೂ ಇಲ್ಲ, ಯಾರನ್ನು ಕೇಳಲಿ?